ಚಳಿಗಾಲಕ್ಕೂ ಮುಂಚೆ ಮರಳಿ ಬಂದ ಪಾದ್ರಿ

ಡೀಟ್ರಿಷ್ ಬೊನ್‌ಹೋಫರ್ ಎಂಬ ಹೆಸರು ನಿಮಗೆ ಗೊತ್ತಿಲ್ಲದೇ ಇರಬಹುದು. ಆದರೆ ಆತನ ‘ಮೂರ್ಖತನದ ಸಿದ್ಧಾಂತ’ ಅನ್ನೋ ವಿಡಿಯೊ ಒಮ್ಮೆಯಾದರೂ ನಿಮ್ಮ ಮೊಬೈಲ್ ಪರದೆ ಮೇಲೆ ಹಾದುಹೋಗಿರುವ ಸಾಧ್ಯತೆ ಇದೆ. ಕೆಡುಕರಿಗಿಂತ ಮೂರ್ಖರೇ ಹೆಚ್ಚು ಅಪಾಯಕಾರಿ ಎನ್ನುವ ಅರ್ಥದ ಪುಟ್ಟ ಅನಿಮೇಷನ್ ಅದು. ಎಡದವರು ಅದನ್ನು ಬಲದವರನ್ನು ಹಂಗಿಸಲು ಫಾರ್ವರ್ಡ್ ಮಾಡುತ್ತಾರೆ, ಬಲದವರು ಎಡದವರನ್ನು ಹಂಗಿಸಲು. ಮೂರ್ಖ ಯಾವತ್ತಿದ್ದರೂ ಪಕ್ಕದ ಮನೆಯವನೇ ತಾನೆ! ಕೆಡುಕಿನ ಎದುರು ಸುಮ್ಮನಿರುವುದರ ಬಗ್ಗೆ ಇನ್ನೊಂದು ಸಾಲೂ ಆತನ ಫೋಟೊದೊಂದಿಗೆ ಓಡಾಡುತ್ತಿದೆ. ಆ ಸಾಲು ಆತನ ಯಾವ ಬರಹದಲ್ಲೂ ಇಲ್ಲ. ಆದ್ದರಿಂದ ಕೋಟ್‌ಗಳನ್ನು ಪೂರ್ತಿ ಪಕ್ಕಕ್ಕಿಟ್ಟು ಬದುಕನ್ನಷ್ಟೇ ಹೇಳುತ್ತೇನೆ. ನನಗೆ ಆ ಬದುಕೇ ಹೆಚ್ಚು ಕಾಡಿದ್ದು.

1906ರ ಫೆಬ್ರವರಿ 4ರಂದು ಬ್ರೆಸ್ಲಾವ್‌ನಲ್ಲಿ (ಇವತ್ತಿನ ಪೋಲೆಂಡ್‌ನ ವ್ರೊತ್ಸ್ವಾಫ್) ಹುಟ್ಟಿದ. ಎಂಟು ಮಕ್ಕಳಲ್ಲಿ ಆರನೆಯವನು, ಜೊತೆಗೇ ಹುಟ್ಟಿದ ಅವಳಿ ತಂಗಿ ಸಬೀನ. ಅಪ್ಪ ಕಾರ್ಲ್ ದೊಡ್ಡ ಮನೋವೈದ್ಯರು. 1912ರಲ್ಲಿ ಬರ್ಲಿನ್‌ಗೆ ಬಂದು ಅಲ್ಲಿನ ಹೆಸರಾಂತ ಷಾರಿಟೆ ಆಸ್ಪತ್ರೆಯಲ್ಲಿ ಪ್ರೊಫೆಸರ್ ಆದರು. ಅಮ್ಮ ಪೌಲಾ ಶಿಕ್ಷಕಿಯ ಪರೀಕ್ಷೆ ಪಾಸಾದವರು, ಮಕ್ಕಳಿಗೆ ಮೊದಲ ಪಾಠ ಮನೆಯಲ್ಲೇ. ಹಿರಿಯಣ್ಣ ಕಾರ್ಲ್ ಫ್ರೀಡ್ರಿಷ್ ವಿಜ್ಞಾನಿ. ಹೈಡ್ರೋಜನ್ ಅಣುವಿನ ‘ಪ್ಯಾರಾ’ ರೂಪವನ್ನು ಬೇರ್ಪಡಿಸಿ ತೋರಿಸಿದ ಇಬ್ಬರಲ್ಲಿ ಈತನೊಬ್ಬ. (ದ್ರವ ಹೈಡ್ರೋಜನ್ ಶೇಖರಣೆ ಬಗ್ಗೆ ಓದಿದ ಎಂಜಿನಿಯರಿಂಗ್ ಹುಡುಗರಿಗೆ ಇದು ಗೊತ್ತಿರುತ್ತೆ. ನನಗೆ ಬೊನ್‌ಹೋಫರ್ ಅನ್ನೋ ಹೆಸರು ಮೊದಲು ಸಿಕ್ಕಿದ್ದೂ ಅಲ್ಲೇ, ಪಾದ್ರಿಯ ಪರಿಚಯ ಆಮೇಲಿನದ್ದು.) ಇನ್ನೊಬ್ಬ ಅಣ್ಣ ವಾಲ್ಟರ್ ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ಸತ್ತುಹೋದ. ಅವನ ಬೈಬಲ್ಲನ್ನು ಅಮ್ಮ ಮೂರು ವರ್ಷದ ನಂತರ ಡೀಟ್ರಿಷ್ ಕೈಗಿಟ್ಟರು. ಕೊನೆತನಕ ಆತ ಓದಿದ್ದು ಆ ಪ್ರತಿಯನ್ನೇ.

ಈ ಮನೆ ಚರ್ಚಿಗೆ ಹೆಚ್ಚು ಹೋಗುವ ಮನೆ ಆಗಿರಲಿಲ್ಲ. ವಿಜ್ಞಾನ, ಕಾನೂನು, ಸಂಗೀತ ಇವೇ ಅಲ್ಲಿ ದೇವರು. ಹದಿನಾಲ್ಕರ ಹುಡುಗ ತಾನು ದೇವಶಾಸ್ತ್ರ ಓದುತ್ತೇನೆ ಅಂದಾಗ ಅಣ್ಣಂದಿರು ನಕ್ಕರು, ಚರ್ಚು ಅನ್ನೋದು ಸತ್ವ ಕಳೆದುಕೊಂಡ ಸಂಸ್ಥೆ ಎಂದು ಬುದ್ಧಿ ಹೇಳಿದರು. ಹಾಗಾದರೆ ನಾನೇ ಅದನ್ನು ಸರಿಮಾಡ್ತೀನಿ ಅಂದನಂತೆ ಹುಡುಗ. 21ನೇ ವಯಸ್ಸಿಗೆ ಬರ್ಲಿನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಮುಗಿಸಿದ, ಬಾರ್ಸಿಲೋನಾದ ಜರ್ಮನ್ ಸಭೆಯಲ್ಲಿ ಸಹಾಯಕ ಪಾದ್ರಿಯಾಗಿ ಒಂದು ವರ್ಷ ಕಳೆದ. ಅಲ್ಲಿಯವರೆಗೆ ಬೈಬಲ್ ಆತನಿಗೆ ಮುಖ್ಯವಾಗಿ ಒಂದು ಅಧ್ಯಯನದ ವಸ್ತು. ಬುದ್ಧಿವಂತ, ಸಿರಿವಂತ, ಸ್ವಲ್ಪ ಗತ್ತಿನ ಹುಡುಗ.

ಬದಲಾಗಿದ್ದು ಅಮೆರಿಕದಲ್ಲಿ. 1930ರಲ್ಲಿ ನ್ಯೂಯಾರ್ಕ್‌ನ ಯೂನಿಯನ್ ಥಿಯಾಲಜಿಕಲ್ ಸೆಮಿನರಿಗೆ ಒಂದು ವರ್ಷದ ಓದಿಗೆ ಹೋದ. ತರಗತಿಗಳು ಅಷ್ಟೇನೂ ಹಿಡಿಸಲಿಲ್ಲ. ಆದರೆ ಕಪ್ಪು ವರ್ಣೀಯ ಸಹಪಾಠಿ ಫ್ರಾಂಕ್ ಫಿಶರ್ ಆತನನ್ನು ಹಾರ್ಲೆಮ್‌ನ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚಿಗೆ ಕರೆದುಕೊಂಡು ಹೋದ. ಅಲ್ಲಿ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ, ಗುಲಾಮರ ಕಾಲದಿಂದ ಬಂದ ಭಕ್ತಿಗೀತೆಗಳನ್ನು ಕೇಳಿದ, ಅವುಗಳ ಗ್ರಾಮಫೋನ್ ತಟ್ಟೆಗಳನ್ನು ಊರಿಗೆ ಹೊತ್ತು ತಂದ. ಬಿಳಿಯರ ದೇಶದಲ್ಲಿ ಕಪ್ಪು ಜನ ದಿನಾ ಅನುಭವಿಸುವುದೇನು ಎಂಬುದನ್ನು ಪಕ್ಕದಲ್ಲೇ ನಿಂತು ನೋಡಿದ. ಜಾನ್ ಲಸೇರ್ ಎಂಬ ಫ್ರೆಂಚ್ ಸಹಪಾಠಿಯೂ ಸಿಕ್ಕ. ಯೇಸುವಿನ ಪರ್ವತ ಪ್ರಸಂಗ ಸಂತರಿಗೆ ಮಾತ್ರ ಮೀಸಲಾದ ಆದರ್ಶ ಅಲ್ಲ, ಸೋಮವಾರ ಬೆಳಿಗ್ಗೆ ಮಾಡಬೇಕಾದ ಕೆಲಸ ಅಂತ ನಂಬಿದ್ದ ಶಾಂತಿವಾದಿ ಅವನು. ಜರ್ಮನ್ ಮತ್ತು ಫ್ರೆಂಚ್, ಇಬ್ಬರ ದೇಶಗಳೂ ಆಗತಾನೇ ಪರಸ್ಪರ ಲಕ್ಷಾಂತರ ಜನರನ್ನು ಕೊಂದಿದ್ದವು. ಅಲ್ಲಿಂದಾಚೆ ಬೊನ್‌ಹೋಫರ್ ಬೈಬಲ್ಲನ್ನು ತನಗೇ ಬಂದ ಪತ್ರದಂತೆ ಓದಲು ಶುರುಮಾಡಿದ.

ವಾಪಸು ಬಂದು ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕನಾದ, 1931ರ ನವೆಂಬರಿನಲ್ಲಿ ಪಾದ್ರಿಯ ದೀಕ್ಷೆಯೂ ಆಯಿತು. ಆಗ ಸಿಕ್ಕಿದ್ದು ಬರ್ಲಿನ್‌ನ ವೆಡ್ಡಿಂಗ್ ಎಂಬ ಕಾರ್ಮಿಕರ ಬಡಾವಣೆಯ ಐವತ್ತರಷ್ಟು ಪುಂಡ ಹುಡುಗರ ತರಗತಿ. ಮೊದಲ ದಿನ ಮೆಟ್ಟಿಲ ಮೇಲೆ ನಿಂತು ಕೆಳಗೆ ಬರುತ್ತಿದ್ದ ಹೊಸ ಮೇಷ್ಟ್ರ ತಲೆಮೇಲೆ ಕಸ ಎಸೆದರು, ಹೆಸರು ಹಿಡಿದು ಕೂಗಾಡಿದರು. ಆತ ಗೋಡೆಗೊರಗಿ ಸುಮ್ಮನೆ ನಿಂತ. ಆಮೇಲೆ ಮೆಲ್ಲಗೆ, ಮುಂದಿನ ಸಾಲಿನವರಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ, ಹಾರ್ಲೆಮ್‌ನ ಕತೆ ಹೇಳತೊಡಗಿದ. ಹಿಂದಿನವರು ಕೇಳಿಸಿಕೊಳ್ಳೋಕೆ ಸುಮ್ಮನಾಗಲೇಬೇಕಾಯಿತು. ಕೆಲವೇ ದಿನದಲ್ಲಿ ಆ ಬಡಾವಣೆಯಲ್ಲೇ ಬಾಡಿಗೆ ಕೋಣೆ ಹಿಡಿದ. ಹುಡುಗರು ಹೇಳದೆ ಕೇಳದೆ ಅಲ್ಲಿಗೆ ಬರುತ್ತಿದ್ದರು. ಆತನ ಪುಸ್ತಕಗಳನ್ನು ಓದುವ ಪುರುಸೊತ್ತು ಇಲ್ಲದವರು ಇದೊಂದು ಪ್ರಸಂಗ ನೆನಪಿಟ್ಟುಕೊಂಡರೂ ಸಾಕು ಅನ್ನಿಸುತ್ತೆ ನನಗೆ.

1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದ. ಎರಡೇ ದಿನಕ್ಕೆ, ಫೆಬ್ರವರಿ 1ರಂದು, 26 ವರ್ಷದ ಬೊನ್‌ಹೋಫರ್ ಬರ್ಲಿನ್ ರೇಡಿಯೊದಲ್ಲಿ ‘ನಾಯಕ’ ಎಂಬ ಕಲ್ಪನೆಯ ಬಗ್ಗೆ ಭಾಷಣ ಮಾಡಿದ. ಜನರ ಆರಾಧನೆಗೆ ತನ್ನನ್ನು ಒಪ್ಪಿಸಿಕೊಂಡು ತಾನೇ ವಿಗ್ರಹವಾಗುವ ನಾಯಕ ಕೊನೆಗೆ ಜನರ ದಾರಿ ತಪ್ಪಿಸುತ್ತಾನೆ ಎಂಬುದು ಅದರ ಸಾರ. ಆ ಭಾಗಕ್ಕೆ ಬರುವಷ್ಟರಲ್ಲಿ ಮೈಕ್ ಬಂದ್ ಆಯಿತು. ಬೇಕಂತಲೇ ನಿಲ್ಲಿಸಿದರೋ, ಸಮಯ ಮೀರಿತೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಆತ ಮಾತ್ರ ಪೂರ್ತಿ ಭಾಷಣದ ಪ್ರತಿಗಳನ್ನು ಮಾಡಿಸಿ ಸ್ನೇಹಿತರಿಗೆ ಹಂಚಿದ. ಕಟ್ಟಾದ ಭಾಷಣ ಕೇಳಿದವರು ತಾನು ನಾಯಕನನ್ನು ಹೊಗಳಿದೆ ಅಂದುಕೊಂಡುಬಿಟ್ಟರೆ ಎಂಬ ಚಿಂತೆ.

ಏಪ್ರಿಲ್ 1ರಂದು ಯೆಹೂದಿಗಳ ಅಂಗಡಿಗಳ ಬಹಿಷ್ಕಾರ. ಬಾಗಿಲಲ್ಲಿ ಕಂದು ಅಂಗಿಯವರು ಕಾವಲು. ತೊಂಬತ್ತು ದಾಟಿದ ಅಜ್ಜಿ ಜೂಲಿ ಅವರನ್ನು ದಾಟಿಕೊಂಡು ಒಳಗೆ ಹೋಗಿ ತನಗೆ ಬೇಕಾದ್ದು ಕೊಂಡುಕೊಂಡು ಬಂದಳು. ಮೊಮ್ಮಗ ಅದೇ ತಿಂಗಳು ಒಂದು ಪ್ರಬಂಧ ಬರೆದ. ಪ್ರಭುತ್ವ ತಪ್ಪಿ ನಡೆದರೆ ಸಭೆಯ ಕೆಲಸ ಏನು? ಮೊದಲು ಪ್ರಶ್ನೆ ಕೇಳಬೇಕು. ನೊಂದವರು ಕ್ರೈಸ್ತರಾಗಲಿ ಅಲ್ಲದಿರಲಿ ಅವರ ನೆರವಿಗೆ ನಿಲ್ಲಬೇಕು. ಅದೂ ಸಾಲದಿದ್ದರೆ, ಚಕ್ರದಡಿ ಸಿಕ್ಕವರಿಗೆ ಪಟ್ಟಿ ಕಟ್ಟಿಕೊಂಡು ಕೂರುವ ಬದಲು ಚಕ್ರವನ್ನೇ ತಡೆಯಬೇಕು. ಜರ್ಮನಿಯ ಪಾದ್ರಿಗಳಲ್ಲಿ ಬಹುಪಾಲು ಜನ ಮೊದಲ ಮೆಟ್ಟಿಲೂ ಹತ್ತದ ಕಾಲದಲ್ಲಿ ಬರೆದ ಮಾತಿದು.

ಆದರೆ ಇದೇ ಏಪ್ರಿಲ್‌ನಲ್ಲೇ ಇನ್ನೊಂದು ಘಟನೆಯೂ ನಡೆಯಿತು. ಅವಳಿ ತಂಗಿ ಸಬೀನಳ ಗಂಡ ಗೆರ್ಹಾರ್ಡ್ ಲೈಬ್‌ಹೋಲ್ಟ್ಸ್ ಯೆಹೂದಿ ಮೂಲದವನು. ಆತನ ಅಪ್ಪ ತೀರಿಕೊಂಡರು, ಅವರಿಗೆ ದೀಕ್ಷಾಸ್ನಾನ ಆಗಿರಲಿಲ್ಲ. ಶವಸಂಸ್ಕಾರದ ಪ್ರಸಂಗ ನೀನೇ ಮಾಡು ಎಂದು ಮನೆಯವರು ಕೇಳಿದರು. ಬೊನ್‌ಹೋಫರ್ ಮೇಲಧಿಕಾರಿಯ ಸಲಹೆ ಕೇಳಿದ. ಈ ಹೊತ್ತಿನಲ್ಲಿ ಬೇಡ ಎಂಬ ಉತ್ತರ ಬಂತು, ಈತ ಒಪ್ಪಿಕೊಂಡು ಹಿಂದೆ ಸರಿದ. ಚಕ್ರ ತಡೆಯುವ ಪ್ರಬಂಧ ಬರೆದ ಕೈಯೇ ಸ್ವಂತ ತಂಗಿಯ ಮನೆಯ ಸಾವಿಗೆ ಹೋಗಲಿಲ್ಲ. ವರ್ಷ ಮುಗಿಯುವ ಮುನ್ನ ಅವರಿಗೆ ಪತ್ರ ಬರೆದು ಕ್ಷಮೆ ಕೇಳಿದ. ಅಷ್ಟು ಹೆದರಿದ್ದು ಹೇಗೆ ಅಂತ ತನಗೇ ಅರ್ಥ ಆಗದವನಂತೆ ಬರೆದಿದ್ದ. ಆತನನ್ನು ಸಂತನ ಪೀಠಕ್ಕೆ ಏರಿಸುವವರು ಈ ಕತೆಯನ್ನು ಬೇಗ ದಾಟಿಬಿಡುತ್ತಾರೆ. ಆದರೆ ಮುಂದಿನ ಹನ್ನೆರಡು ವರ್ಷಗಳನ್ನು ಅರ್ಥ ಮಾಡಿಕೊಳ್ಳೋಕೆ ಇದು ಬೇಕೇ ಬೇಕು.

ಜುಲೈನಲ್ಲಿ ಚರ್ಚಿನ ಚುನಾವಣೆ ನಡೆದು, ಹಿಟ್ಲರನನ್ನು ಬೆಂಬಲಿಸುವ ‘ಜರ್ಮನ್ ಕ್ರೈಸ್ತರು’ ಗುಂಪು ಭರ್ಜರಿಯಾಗಿ ಗೆದ್ದಿತು. ಯೆಹೂದಿ ಮೂಲದ ಪಾದ್ರಿಗಳನ್ನು ಹೊರಹಾಕುವ ನಿಯಮ ಚರ್ಚಿನೊಳಗೇ ಬಂತು. ಮಾರ್ಟಿನ್ ನೀಮೊಲರ್ ಮತ್ತಿತರರ ಜೊತೆ ಸೇರಿ ಬೊನ್‌ಹೋಫರ್ ಪ್ರತಿರೋಧ ಸಂಘಟಿಸಿದ. ಅಕ್ಟೋಬರಿನಲ್ಲಿ ಲಂಡನ್‌ನ ಎರಡು ಜರ್ಮನ್ ಸಭೆಗಳ ಪಾದ್ರಿಯಾಗಿ ಹೊರಟುಹೋದ. ಓಡಿಹೋದೆ ಎಂದು ಕಾರ್ಲ್ ಬಾರ್ತ್‌ನಂಥ ದೊಡ್ಡ ದೇವಶಾಸ್ತ್ರಜ್ಞ ಬೈದು ಪತ್ರ ಬರೆದರು. ಲಂಡನ್ನಿನಲ್ಲಿ ಸಿಕ್ಕ ದೊಡ್ಡ ಆಸ್ತಿ ಎಂದರೆ ಚಿಚೆಸ್ಟರ್‌ನ ಬಿಷಪ್ ಜಾರ್ಜ್ ಬೆಲ್ ಗೆಳೆತನ. ಇಂಡಿಯಾ ಕತೆ ಬರುವುದೂ ಇಲ್ಲೇ. ಯೂರೋಪಿನ ಕ್ರೈಸ್ತರಿಗೆ ಪರ್ವತ ಪ್ರಸಂಗವನ್ನು ಬದುಕುವುದು ಹೇಗೆಂದು ಮರೆತುಹೋಗಿದೆ, ಅದನ್ನು ಕಲಿಯಬೇಕಾದರೆ ಕ್ರೈಸ್ತನಲ್ಲದ ಗಾಂಧಿಯ ಬಳಿಗೇ ಹೋಗಬೇಕು ಎಂಬುದು ಆತನ ಲೆಕ್ಕಾಚಾರ. ಬೆಲ್ ಶಿಫಾರಸು ಪತ್ರ ಬರೆದರು. 1934ರ ನವೆಂಬರ್ 1ರ ಪತ್ರದಲ್ಲಿ ಗಾಂಧಿ, ಬನ್ನಿ, ನನ್ನ ದಿನನಿತ್ಯದ ಬದುಕಿನಲ್ಲಿ ಪಾಲುಗೊಳ್ಳಿ ಎಂಬರ್ಥದ ಆಹ್ವಾನ ಕಳಿಸಿದರು. ಹೋಗಲಾಗಲಿಲ್ಲ. ಹಿಟ್ಲರನಿಗೆ ಮಣಿಯದ ‘ಕನ್ಫೆಸಿಂಗ್ ಚರ್ಚ್’ ತನ್ನ ಯುವ ಪಾದ್ರಿಗಳಿಗೆ ತರಬೇತಿ ಕೊಡಲು ಈತನನ್ನು ಕರೆಯಿತು.

ಗಾಂಧಿಯ ಆಶ್ರಮ ತಪ್ಪಿದವನು ತಾನೇ ಒಂದು ಆಶ್ರಮದಂಥದ್ದನ್ನು ಕಟ್ಟಿದ ಅನ್ನಬಹುದು. 1935ರಲ್ಲಿ ಬಾಲ್ಟಿಕ್ ಕಡಲ ತೀರದ ಸಿಂಗ್‌ಸ್ಟ್‌ನಲ್ಲಿ ಶುರುವಾಗಿ ಶ್ಟೆಟ್ಟೀನ್ ಬಳಿಯ ಫಿಂಕೆನ್‌ವಾಲ್ಡೆಗೆ ಬಂದ ಈ ಶಾಲೆಯಲ್ಲಿ ಒಂದು ಸಲಕ್ಕೆ ಇಪ್ಪತ್ತು ಚಿಲ್ಲರೆ ಮಂದಿ. ಬೆಳಿಗ್ಗೆ ಎದ್ದ ಕೂಡಲೇ ಮೌನ, ಪ್ರಾರ್ಥನೆ, ಕೀರ್ತನೆಗಳ ಓದು. ನಂತರ ಅರ್ಧ ತಾಸು ಬೈಬಲ್ಲಿನ ಕೆಲವೇ ಸಾಲುಗಳ ಮುಂದೆ ಸುಮ್ಮನೆ ಕೂರಬೇಕು. ಮಾರನೇ ದಿನ ಕೂಡ ಅವೇ ಸಾಲುಗಳು, ಒಂದು ವಾರ ಪೂರ್ತಿ. ಅದರಿಂದ ಪ್ರಸಂಗ ತಯಾರಿಸುವಂತಿಲ್ಲ, ವ್ಯಾಖ್ಯಾನ ಗ್ರಂಥ ತೆಗೆಯುವಂತಿಲ್ಲ. ಹುಡುಗರು ಮೊದಮೊದಲು ಗೊಣಗಿದರು, ಕೆಲವರು ತೂಕಡಿಸಿದರು. ಇನ್ನೊಂದು ನಿಯಮ ನನಗೆ ಬಹಳ ಇಷ್ಟ: ಎದುರಿಗಿಲ್ಲದ ಸಹಪಾಠಿಯ ಬಗ್ಗೆ ಮಾತಾಡಬಾರದು, ಬಾಯಿತಪ್ಪಿ ಆಡಿದರೆ ಹೋಗಿ ಅವನಿಗೇ ಹೇಳಬೇಕು. ಯಾವುದಾದರೂ ಆಫೀಸಿನಲ್ಲಿ ಇದನ್ನು ಒಂದು ವಾರ ಜಾರಿಗೆ ತಂದು ನೋಡಿ! ಮಧ್ಯಾಹ್ನ ಆಟ, ಸಂಜೆ ಪಿಯಾನೊ, ಹಾರ್ಲೆಮ್‌ನಿಂದ ತಂದ ಗ್ರಾಮಫೋನ್ ತಟ್ಟೆಗಳು. ಹೊರಗೆ ದೇಶ ಪಥಸಂಚಲನ ಮಾಡುತ್ತಿತ್ತು.

1937ರಲ್ಲಿ ಗೆಸ್ಟಾಪೊ ಶಾಲೆಗೆ ಬೀಗ ಹಾಕಿತು. ಅದೇ ವರ್ಷ ಬಂದ ‘ಶಿಷ್ಯತ್ವ’ದ ಕುರಿತ ಪುಸ್ತಕ ಪರ್ವತ ಪ್ರಸಂಗದ ವ್ಯಾಖ್ಯಾನ. ಏನನ್ನೂ ಬಿಡದೆ, ಏನೂ ಬದಲಾಗದೆ, ಭಾನುವಾರ ಉಚಿತವಾಗಿ ಸಿಗುವ ಕ್ಷಮೆಯನ್ನು ಆತ ಅದರಲ್ಲಿ ಅಗ್ಗದ ಕೃಪೆ ಎಂದು ಕರೆದ. ಇಂಥ ಸರಕನ್ನು ಮಾರುವ ಅಂಗಡಿ ಎಲ್ಲ ಧರ್ಮದಲ್ಲೂ ಇದೆ, ನಾವೂ ಗಿರಾಕಿಗಳೇ.

1938ರ ನವೆಂಬರ್ 9ರ ರಾತ್ರಿ ದೇಶದ ತುಂಬ ಯೆಹೂದಿ ಮಂದಿರಗಳಿಗೆ ಬೆಂಕಿ ಬಿತ್ತು. ಬೊನ್‌ಹೋಫರ್ ಬೈಬಲ್ಲಿನಲ್ಲಿ, ದೇವರ ಆಲಯಗಳನ್ನು ಸುಟ್ಟವರ ಬಗ್ಗೆ ಮೊರೆಯಿಡುವ 74ನೇ ಕೀರ್ತನೆಯ ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆದ ಒಂದು ತಾರೀಕು ಇದೆ: 9.11.38. ಅಷ್ಟೇ. ಅದೇ ಹೊತ್ತಿಗೆ ಸಬೀನ ಮತ್ತು ಗಂಡ ಮಕ್ಕಳ ಜೊತೆ ಇಂಗ್ಲೆಂಡಿಗೆ ಪಾರಾಗಿದ್ದರು.

ಯುದ್ಧ ಹತ್ತಿರ ಬರುತ್ತಿದ್ದಂತೆ ಸೇನೆಗೆ ಸೇರುವ ಕರೆ ಬರುವುದು ಖಚಿತವಾಯಿತು. ನಿರಾಕರಿಸಿದರೆ ಸಾವು, ಜೊತೆಗೆ ಇಡೀ ಕನ್ಫೆಸಿಂಗ್ ಚರ್ಚಿಗೆ ಕಷ್ಟ. ಇತ್ತ ದರಿ, ಅತ್ತ ಪುಲಿ. ಅಮೆರಿಕದ ಗೆಳೆಯರು ಪ್ರೊಫೆಸರ್‌ಗಿರಿ ಹೊಂದಿಸಿ ಕರೆಸಿಕೊಂಡರು. 1939ರ ಜೂನ್ 12ರಂದು ನ್ಯೂಯಾರ್ಕಿನಲ್ಲಿ ಇಳಿದ. ಆ ದಿನಗಳ ಡೈರಿ ಓದಿದರೆ ಮನುಷ್ಯ ಒಳಗೊಳಗೇ ಹೇಗೆ ಬೇಯುತ್ತಿದ್ದ ಎಂಬುದು ಗೊತ್ತಾಗುತ್ತೆ. ಬೀದಿ ಬೀದಿ ಸುತ್ತುತ್ತಾನೆ, ಸಿಗರೇಟು ಸೇದುತ್ತಾನೆ, ಜರ್ಮನಿಯ ಸುದ್ದಿಗಾಗಿ ಪೇಪರ್ ಹುಡುಕುತ್ತಾನೆ. ದಿನಕ್ಕೊಂದು ವಚನ ಓದುವ ಅಭ್ಯಾಸ ಇತ್ತಲ್ಲ, ಜೂನ್ 26ರಂದು ಬಂದದ್ದು ಪೌಲನು ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯ ಭಾಗ. ಚಳಿಗಾಲ ಬರುವುದರೊಳಗೆ ಬಂದುಬಿಡು ಎಂದು ಸೆರೆಮನೆಯಿಂದ ಮುದುಕ ಪೌಲ ಎಳೆಯ ಗೆಳೆಯನನ್ನು ಕೇಳಿಕೊಳ್ಳುವ ಸಾಲು. ಅದು ಇಡೀ ದಿನ ಆತನನ್ನು ಬಿಡಲಿಲ್ಲ. ಯಾರದೋ ಖಾಸಗಿ ಕಾಗದದ ಸಾಲನ್ನು ಎರಡು ಸಾವಿರ ವರ್ಷದ ಮೇಲೆ ತನಗೆ ಬಂದ ಕರೆ ಅಂತ ಓದುವುದು ಸರಿಯೇ? ಆತನೂ ಹಾಗೆ ಕೇಳಿಕೊಂಡವನೇ. ನನ್ನಂಥ ಲೆಕ್ಕದ ಮನುಷ್ಯನಿಗೆ ಇದು ಕಾಕತಾಳೀಯ. ಆದರೆ ನಾಲ್ಕು ವರ್ಷ ದಿನಾ ಅರ್ಧ ತಾಸು ಸಾಲುಗಳ ಮುಂದೆ ಕೂರುವುದನ್ನು ಕಲಿಸಿದ್ದವನಿಗೆ, ಕಷ್ಟದ ದಿನ ಒಂದು ಸಾಲು ಎದುರಿಗೆ ಬಂದು ನಿಲ್ಲುವುದು ಕಾಕತಾಳೀಯಕ್ಕಿಂತ ಸ್ವಲ್ಪ ಹೆಚ್ಚೇ ಇರಬೇಕು. ಯುದ್ಧಕಾಲದ ಸಂಕಟವನ್ನು ತನ್ನ ಜನರ ಜೊತೆ ಅನುಭವಿಸದಿದ್ದರೆ ಯುದ್ಧದ ನಂತರ ದೇಶ ಕಟ್ಟುವ ಹಕ್ಕು ತನಗಿರುವುದಿಲ್ಲ ಎಂದು ರೈನ್‌ಹೋಲ್ಡ್ ನೀಬೂರ್‌ಗೆ ಪತ್ರ ಬರೆದು ಹಡಗು ಹತ್ತಿದ. ಅಮೆರಿಕದಲ್ಲಿ ಇದ್ದದ್ದು ನಾಲ್ಕು ವಾರ ಕೂಡ ಇಲ್ಲ.

ಮರಳಿ ಬಂದವನು ಮಾಡಿದ್ದೇನು? ಗುಡಿಯ ಗಂಟೆ ಬಾರಿಸಲಿಲ್ಲ, ಬೀದಿಯಲ್ಲಿ ಭಾಷಣ ಮಾಡಲಿಲ್ಲ. 1940ರಲ್ಲಿ ಅಕ್ಕನ ಗಂಡ ಹಾನ್ಸ್ ಫಾನ್ ದೊಹ್ನಾನಿ ಮೂಲಕ ಸೇನಾ ಗುಪ್ತಚರ ಇಲಾಖೆ ‘ಅಬ್ವೆರ್’ ಸೇರಿದ. ಅಲ್ಲಿನ ಮೇಲಧಿಕಾರಿಗಳೇ ಹಿಟ್ಲರನನ್ನು ಉರುಳಿಸುವ ಸಂಚು ಹೂಡುತ್ತಿದ್ದರು. ಕಾಗದದ ಮೇಲೆ ಈತ ಹಿಟ್ಲರನ ಗೂಢಚಾರ, ನಿಜದಲ್ಲಿ ಸಂಚುಕೋರರ ದೂತ. ಪ್ರಸಂಗ ಮಾಡಲು ನಿಷೇಧ, ಪುಸ್ತಕ ಪ್ರಕಟಿಸಲು ನಿಷೇಧ. ಊರಿನ ಜನ, ಸ್ವಂತ ಶಿಷ್ಯರು ಕೂಡ, ಯುದ್ಧಕ್ಕೆ ಹೋಗದೆ ಓಡಾಡಿಕೊಂಡಿರುವ ಪಾದ್ರಿಯನ್ನು ಅನುಮಾನದಿಂದ ನೋಡಿದರು. ಸುಳ್ಳು ಹೇಳಬಾರದು ಎಂದು ಕಲಿಸಿದವನು ದಿನಾ ಸುಳ್ಳು ಹೇಳಿ ಬದುಕಿದ. ಸ್ವಿಟ್ಜರ್ಲೆಂಡ್, ನಾರ್ವೆ, ಸ್ವೀಡನ್ ಪ್ರವಾಸ. 1942ರ ಬೇಸಿಗೆಯ ಆರಂಭದಲ್ಲಿ ಸ್ವೀಡನ್ನಿನ ಸಿಗ್ಟುನಾದಲ್ಲಿ ಬಿಷಪ್ ಬೆಲ್‌ಗೆ ಸಂಚುಕೋರರ ಹೆಸರುಗಳನ್ನೇ ಕೊಟ್ಟ. ಬೆಲ್ ಅದನ್ನು ಬ್ರಿಟಿಷ್ ವಿದೇಶಾಂಗ ಸಚಿವ ಈಡನ್‌ಗೆ ತಲುಪಿಸಿದರು, ಈಡನ್ ಕಡತ ಮುಚ್ಚಿದರು. ಅದೇ ವರ್ಷ ‘ಆಪರೇಷನ್ 7’ ಎಂಬ ಗುಪ್ತ ಯೋಜನೆಯಲ್ಲಿ ಹದಿನಾಲ್ಕು ಮಂದಿಯನ್ನು, ಬಹುತೇಕ ಯೆಹೂದಿ ಮೂಲದವರನ್ನು, ಅಬ್ವೆರ್ ಏಜೆಂಟರೆಂಬ ಸೋಗಿನಲ್ಲಿ ಸ್ವಿಟ್ಜರ್ಲೆಂಡಿಗೆ ದಾಟಿಸಿದರು. ಅವರಿಗಾಗಿ ಗಡಿ ದಾಟಿಸಿದ ಹಣದ ಜಾಡು ಹಿಡಿದೇ ಕೊನೆಗೆ ತನಿಖೆ ಮನೆಬಾಗಿಲಿಗೆ ಬಂದದ್ದು.

ಆ ಮೂರ್ಖತನದ ಮಾತು ಬರುವುದು 1942ರ ಕೊನೆಗೆ ಬರೆದ ಪುಟ್ಟ ಬರಹದಲ್ಲಿ. ಬೆರಳೆಣಿಕೆಯ ಆಪ್ತರಿಗೆ ಕ್ರಿಸ್ಮಸ್ ಕಾಣಿಕೆ. ಒಂದು ಪ್ರತಿಯನ್ನು ಅಪ್ಪನ ಮನೆಯ ಮಾಡಿನ ತೊಲೆಗಳ ನಡುವೆ ಬಚ್ಚಿಟ್ಟಿದ್ದರು. ಅಧಿಕಾರ ಉಕ್ಕಿದಾಗ ಬುದ್ಧಿವಂತರೂ ತಮ್ಮ ವಿವೇಚನೆಯನ್ನು ಒಪ್ಪಿಸಿಬಿಡುತ್ತಾರೆ, ಅದು ಮಿದುಳಿನ ಕೊರತೆಯಲ್ಲ ಎಂಬುದು ಆತನ ವಾದ. ವಿಡಿಯೊ ಅಲ್ಲಿಗೆ ನಿಲ್ಲುತ್ತೆ. ಬರಹ ನಿಲ್ಲುವುದಿಲ್ಲ. ಕೊನೆಗೆ ಬೆರಳು ತಿರುಗುವುದು ತಮ್ಮ ಕಡೆಗೇ: ಸೋಗು ಹಾಕುವುದನ್ನು, ಇಬ್ಬಗೆಯ ಮಾತನ್ನು ಕಲಿತು ಜನರ ಮೇಲೆ ನಂಬಿಕೆ ಕಳೆದುಕೊಂಡ ನಾವು ಇನ್ನು ಯಾವುದಕ್ಕಾದರೂ ಉಪಯೋಗಕ್ಕೆ ಬರುತ್ತೇವಾ ಎಂಬ ಪ್ರಶ್ನೆ.

1943ರ ಜನವರಿಯಲ್ಲಿ ಮರಿಯಾ ಫಾನ್ ವೆಡೆಮಾಯರ್ ಜೊತೆ ಮದುವೆ ನಿಶ್ಚಯವಾಯಿತು. ಅವಳಿಗೆ 18, ಈತನಿಗೆ 36. ಹಿಂದಿನ ವರ್ಷವಷ್ಟೇ ಅವಳ ಅಪ್ಪ, ಅಣ್ಣ ಇಬ್ಬರೂ ಯುದ್ಧದಲ್ಲಿ ಸತ್ತಿದ್ದರು. ಏಪ್ರಿಲ್ 5ರಂದು ಬಂಧನ. ಟೇಗೆಲ್ ಸೆರೆಮನೆಯ 92ನೇ ಕೋಣೆಯಲ್ಲಿ ಹದಿನೆಂಟು ತಿಂಗಳು. ಅಲ್ಲಿಂದ ಶಿಷ್ಯ, ಆಪ್ತ ಗೆಳೆಯ ಎಬರ್ಹಾರ್ಡ್ ಬೆಟ್ಗೆಗೆ ಬರೆದ ಪತ್ರಗಳು ಕಾವಲುಗಾರರ ಕೈಯಿಂದಲೇ ಗುಟ್ಟಾಗಿ ಹೊರಬಂದವು. ಆತನ ಅತ್ಯಂತ ಧೈರ್ಯದ ಯೋಚನೆಗಳು ಅವುಗಳಲ್ಲಿವೆ. ವಿಜ್ಞಾನಕ್ಕೆ ಉತ್ತರ ಸಿಗದ ಸಂದುಗಳಲ್ಲಿ ದೇವರನ್ನು ತುರುಕಬೇಡಿ, ಸಂದು ಮುಚ್ಚುತ್ತ ಹೋದಂತೆ ದೇವರೂ ಹಿಂದೆ ಸರಿಯಬೇಕಾಗುತ್ತದೆ. ಬದುಕಿನ ಅಂಚಿನಲ್ಲಲ್ಲ, ನಡುಮಧ್ಯದಲ್ಲಿ ಆತನನ್ನು ಹುಡುಕಿ. ‘ಧರ್ಮ’ದ ಕವಚವಿಲ್ಲದ ಕ್ರೈಸ್ತ ನಂಬಿಕೆ ಹೇಗಿರಬಹುದು ಎಂದು ಪಾದ್ರಿಯೊಬ್ಬ ಜೈಲಿನಲ್ಲಿ ಕೂತು ಕೇಳುತ್ತಿದ್ದಾನೆ. ಜೊತೆಗೇ ಹೊಗೆಸೊಪ್ಪು, ಪುಸ್ತಕ, ಬಾಂಬ್ ದಾಳಿಯ ಭಯ, ಅಪ್ಪ ಅಮ್ಮನ ಆರೋಗ್ಯ ಎಲ್ಲವೂ ಅದೇ ಕಾಗದಗಳಲ್ಲಿ.

1944ರ ಜುಲೈ 20ರಂದು ಹಿಟ್ಲರನ ಕೋಣೆಯಲ್ಲಿ ಬಾಂಬ್ ಸಿಡಿದಾಗ ಆತ ಒಳಗಿದ್ದು ಹದಿನೈದು ತಿಂಗಳಾಗಿತ್ತು. ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. 2024ರಲ್ಲಿ ಬಂದ ಅಮೆರಿಕನ್ ಸಿನಿಮಾದ ಪೋಸ್ಟರಿನಲ್ಲಿ ಈತನ ಕೈಗೆ ಪಿಸ್ತೂಲು ಕೊಟ್ಟಿದ್ದರು. ಕುಟುಂಬದವರು, ವಿದ್ವಾಂಸರು ಬಹಿರಂಗವಾಗಿಯೇ ಆಕ್ಷೇಪಿಸಿದರು. ಅಲ್ಲಿನ ಕೆಲವರಿಗೆ ತಮ್ಮ ರಾಜಕೀಯ ಸಿಟ್ಟಿಗೆಲ್ಲ ಬೊನ್‌ಹೋಫರ್ ಮುದ್ರೆ ಬೇಕು. ಹಿಟ್ಲರನನ್ನು ಕೊಲ್ಲುವುದು ಅನಿವಾರ್ಯ ಎಂದು ಒಪ್ಪಿದವನು ಹೌದು, ಅದನ್ನು ಪುಣ್ಯಕಾರ್ಯ ಎಂದವನಲ್ಲ. ಕೊಲೆ ಪಾಪವೇ, ಆ ಪಾಪವನ್ನು ಹೊತ್ತುಕೊಂಡು ದೇವರೆದುರು ನಿಲ್ಲುತ್ತೇನೆ ಎಂಬ ನಿಲುವು. ನನ್ನ ಪ್ರಕಾರ ಆತನನ್ನು ಇವತ್ತಿನ ಧರ್ಮವೀರರಿಂದ ಬೇರೆ ಮಾಡುವುದು ಇದೊಂದೇ.

ಸಂಚು ವಿಫಲವಾಯಿತು, ಸೆಪ್ಟೆಂಬರಿನಲ್ಲಿ ದೊಹ್ನಾನಿ ಕೂಡಿಟ್ಟಿದ್ದ ಕಡತಗಳು ಗೆಸ್ಟಾಪೊಗೆ ಸಿಕ್ಕವು. ಒಬ್ಬ ಕಾವಲುಗಾರನ ನೆರವಿನಿಂದ ತಪ್ಪಿಸಿಕೊಳ್ಳುವ ಯೋಜನೆ ಸಿದ್ಧವಿತ್ತು. ಅಷ್ಟರಲ್ಲಿ ಅಣ್ಣ ಕ್ಲೌಸ್‌ನನ್ನು ಬಂಧಿಸಿದರು. ತಾನು ಓಡಿದರೆ ಮನೆಯವರ ಗತಿ ಏನು ಎಂದು ಯೋಜನೆ ಕೈಬಿಟ್ಟ. 1945ರ ಫೆಬ್ರವರಿಯಲ್ಲಿ ಬೂಕೆನ್‌ವಾಲ್ಡ್ ಶಿಬಿರಕ್ಕೆ ಸಾಗಿಸಿದರು. ಎಲ್ಲಿಗೆ ಎಂದು ಮನೆಯವರಿಗೆ ತಿಳಿಸಲಿಲ್ಲ. ಮರಿಯಾ ಬೆಚ್ಚನೆ ಬಟ್ಟೆಗಳ ಪೆಟ್ಟಿಗೆ ಹೊತ್ತು ಫ್ಲೋಸೆನ್‌ಬರ್ಗ್ ಶಿಬಿರದ ಬಾಗಿಲವರೆಗೂ ನಡೆದುಹೋಗಿ ವಿಚಾರಿಸಿದಳು. ಆಗ ಆತ ಅಲ್ಲಿರಲಿಲ್ಲ.

ಏಪ್ರಿಲ್ 8, ಭಾನುವಾರ. ಶೋನ್‌ಬರ್ಗ್ ಎಂಬ ಹಳ್ಳಿಯ ಶಾಲೆಯಲ್ಲಿ ಕೂಡಿಹಾಕಿದ್ದ ನಾನಾ ದೇಶದ ಕೈದಿಗಳು ಒಂದು ಆರಾಧನೆ ನಡೆಸಿಕೊಡಿ ಎಂದು ಕೇಳಿಕೊಂಡರು. ಯೆಶಾಯನ ಗ್ರಂಥ ಮತ್ತು ಪೇತ್ರನ ಪತ್ರದ ಅಂದಿನ ಭಾಗಗಳನ್ನು ಓದಿ ಮಾತಾಡಿದ. ಮುಗಿಸುತ್ತಿದ್ದಂತೆ ಇಬ್ಬರು ಬಂದು ಕರೆದೊಯ್ದರು. ಈ ಸಲ ಫ್ಲೋಸೆನ್‌ಬರ್ಗ್‌ಗೇ. ಆ ರಾತ್ರಿಯೇ ವಿಚಾರಣೆಯ ನಾಟಕ, ವಕೀಲರಿಲ್ಲ, ಸಾಕ್ಷಿಗಳಿಲ್ಲ. 9ರ ಮುಂಜಾನೆ ಅಡ್ಮಿರಲ್ ಕನಾರಿಸ್, ಜನರಲ್ ಓಸ್ಟರ್ ಮತ್ತಿತರರ ಜೊತೆ ಗಲ್ಲಿಗೇರಿಸಿದರು. ವಯಸ್ಸು 39. ಎರಡು ವಾರದಲ್ಲಿ ಅಮೆರಿಕನ್ ಸೇನೆ ಶಿಬಿರ ತಲುಪಿತು. ಪ್ರಾರ್ಥಿಸುತ್ತ ಶಾಂತವಾಗಿ, ಕ್ಷಣಾರ್ಧದಲ್ಲಿ ಸತ್ತ ಎಂದು ಶಿಬಿರದ ವೈದ್ಯ ವರ್ಷಗಳ ನಂತರ ಹೇಳಿದ ಕತೆ ಎಲ್ಲ ಜೀವನಚರಿತ್ರೆಗಳಲ್ಲೂ ಬರುತ್ತೆ. ಅದನ್ನು ಇವತ್ತಿನ ಬಹಳಷ್ಟು ಸಂಶೋಧಕರು ನಂಬುವುದಿಲ್ಲ. ಅಲ್ಲಿ ನೇಣು ಹಾಕುತ್ತಿದ್ದ ಕ್ರಮ ಅಷ್ಟು ಕರುಣೆಯದ್ದಾಗಿರಲಿಲ್ಲ.

ತೀರ್ಪು ಕೊಟ್ಟ ಎಸ್‌ಎಸ್ ನ್ಯಾಯಾಧೀಶ ಒಟ್ಟೊ ಥೋರ್ಬೆಕ್ ಯುದ್ಧದ ನಂತರ ವಕೀಲಿಕೆ ಮಾಡಿಕೊಂಡಿದ್ದ. 1956ರಲ್ಲಿ ಪಶ್ಚಿಮ ಜರ್ಮನಿಯ ಅತ್ಯುನ್ನತ ನ್ಯಾಯಾಲಯ ಆತನನ್ನು ಈ ಪ್ರಕರಣದಲ್ಲಿ ಖುಲಾಸೆ ಮಾಡಿತು. ಅಂದಿನ ಕಾನೂನಿನ ಪ್ರಕಾರ ಪ್ರಭುತ್ವಕ್ಕೆ ತನ್ನನ್ನು ರಕ್ಷಿಸಿಕೊಳ್ಳುವ ಹಕ್ಕಿತ್ತು ಎಂಬ ತರ್ಕದ ಮೇಲೆ. ಬೊನ್‌ಹೋಫರ್ ಮೇಲಿನ ಶಿಕ್ಷೆ ಕಾನೂನಿನ ಕಣ್ಣಲ್ಲಿ ಅಸಿಂಧು ಎಂದು ಬರ್ಲಿನ್ ನ್ಯಾಯಾಲಯ ಹೇಳಿದ್ದು 1996ರಲ್ಲಿ.

ಆ ಏಪ್ರಿಲ್‌ನಲ್ಲಿ ಮನೆಯ ನಾಲ್ವರು ಹೋದರು: ಡೀಟ್ರಿಷ್, ಕ್ಲೌಸ್, ಇಬ್ಬರು ಅಳಿಯಂದಿರಾದ ದೊಹ್ನಾನಿ ಮತ್ತು ರೂಡಿಗರ್ ಶ್ಲೈಷರ್. ಕ್ಲೌಸ್ ಮತ್ತು ರೂಡಿಗರ್ ಸುದ್ದಿ ಬೇಗ ತಿಳಿಯಿತು. ಡೀಟ್ರಿಷ್‌ನದು ತಿಳಿಯಲಿಲ್ಲ. ಟಪಾಲಿಲ್ಲ, ಟೆಲಿಫೋನಿಲ್ಲ, ಪುಡಿಯಾದ ಬರ್ಲಿನ್‌ನಲ್ಲಿ ವಯಸ್ಸಾದ ಅಪ್ಪ ಅಮ್ಮ ಮೂರು ತಿಂಗಳು ಕಾದರು. ಜುಲೈ 27ರಂದು ಲಂಡನ್ನಿನ ಒಂದು ಚರ್ಚಿನಿಂದ ಬಿಬಿಸಿ ಪ್ರಾರ್ಥನಾ ಸಭೆಯೊಂದನ್ನು ಬಿತ್ತರಿಸಿತು, ಮಾತಾಡುತ್ತಿದ್ದವರು ಬಿಷಪ್ ಬೆಲ್. ಅಪ್ಪ ಅಮ್ಮ ರೇಡಿಯೊ ಮುಂದೆ ಕೂತಿದ್ದರು. ಮಗನ ಹೆಸರು ಬಂತು, ಇಂಗ್ಲಿಷಿನಲ್ಲಿ. ಆ ಸಭೆ ಆತನ ನೆನಪಿಗೇ ಏರ್ಪಟ್ಟಿದ್ದು ಎಂದು ಆಗ ಗೊತ್ತಾಯಿತು.